ಅಕ್ಕನ ಬಲಗೈ

"ಯಾರ್ರೀ ಆ ಯಂತ್ರ ಮುಟ್ಟಿದ್ದು?"

ತಲೆ ಎತ್ತದೆಯೇ ಕೇಳಿದಳು ಅವಳು. ಎಡಗೈಯಲ್ಲಿ ಸ್ಕ್ಯಾನಿಂಗ್ ಯಂತ್ರದ ಪ್ರೋಬ್, ಬಲಗೈಯಲ್ಲಿ ಸೂಜಿ, ಕಣ್ಣು ಪರದೆಯ ಮೇಲೆ. ಮಂಚದ ಮೇಲೆ ಉಸಿರಾಟದ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಿದ್ದ ಮುದುಕರಿಗೆ ಬೆಳಿಗ್ಗೆಯಿಂದ ಐದು ಕಡೆ ಚುಚ್ಚಿದ್ದರು. ಐದೂ ಕಡೆ ನೀಲಿಗಟ್ಟಿತ್ತೇ ಹೊರತು ಒಂದು ಹನಿ ಔಷಧ ಒಳಗೆ ಹೋಗಿರಲಿಲ್ಲ. ಕೊನೆಗೆ ವಾರ್ಡಿನವರು ಕೈಚೆಲ್ಲಿ, ನರದ ಸಿಸ್ಟರನ್ನೇ ಕರೆಯಿರಿ ಎಂದಿದ್ದರು.

ಆಸ್ಪತ್ರೆಯಲ್ಲಿ ಅವಳಿಗೆ ಅದೇ ಹೆಸರು. ಅವಳು ಹುಡುಕುವುದು ರಕ್ತನಾಳವನ್ನು. ಆದರೆ ರೋಗಿಗಳೆಲ್ಲ 'ನನ್ನ ನರ ಸಿಗಲ್ಲ ಸಿಸ್ಟರ್' ಎಂದೇ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡುಬಿಟ್ಟಿತ್ತು.

ಮಂಚದ ಆಚೆಯಿಂದ ಗಂಡಸಿನ ದನಿ ಬಂತು.

"ನಾನೇ. ಅವರಿಗೆ ಉಸಿರು ಸಾಲ್ತಿರ್ಲಿಲ್ಲ. ಐದಿದ್ದ ಒತ್ತಡ ಎಂಟು ಮಾಡಿದೆ. ತಪ್ಪಾಯ್ತಾ?"

"ತಪ್ಪಲ್ಲ... ಹಾಗೇ ಇರ್ಲಿ. ಮುಟ್ಟಬೇಡಿ."

ಪರದೆಯ ಮೇಲೆ ಇಷ್ಟು ಹೊತ್ತು ದಾರದೆಳೆಯಂತೆ ಕಾಣುತ್ತಿದ್ದ ಕಪ್ಪು ಚುಕ್ಕೆ ಮೆಲ್ಲಗೆ ಅರಳುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಸೂಜಿ ಇಳಿಸಿದಳು. ಒಂದೇ ಸಲಕ್ಕೆ ಕೊಳವೆಯೊಳಗೆ ಕೆಂಪು ಕಾಣಿಸಿತು.

ಆಗ ತಲೆ ಎತ್ತಿ ನೋಡಿದಳು.

ಉಸಿರಾಟದ ಯಂತ್ರದ ಪಕ್ಕ, ಮೂಗಿನ ತುದಿಗೆ ಜಾರಿದ ಕನ್ನಡಕ ಹಾಕಿಕೊಂಡು, ಸಣ್ಣಗೆ ನಗುತ್ತ ನಿಂತಿದ್ದ ಅವನು. ಹೊಸದಾಗಿ ಸೇರಿದ್ದ ಉಸಿರಾಟದ ತಂತ್ರಜ್ಞ. ಬಂದ ವಾರದೊಳಗೇ ಅವನಿಗೂ 'ಗಾಳಿ ಸಾರ್' ಎಂದು ಹೆಸರು ಬಿದ್ದಿತ್ತು.

"ಗಾಳಿ ಬಂದಾಗ ತೂರಿಕೋ ಅಂತಾರೆ," ಎಂದ ಅವನು. "ನೀವು ಗಾಳಿ ಬಂದಾಗ ಚುಚ್ಚಿಕೊಂಡ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮಾಸ್ಕಿನೊಳಗಿದ್ದ ಮುದುಕರೂ ನಕ್ಕಂತೆ ಕಾಣಿಸಿತು.

ಆವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನೇ ಬಂದು ಎದುರು ಕುಳಿತ. ಅವಳು ಬಿಡದೆ ಕೇಳಿದಳು, ನೀವು ಗಾಳಿ ಕೊಟ್ಟಿದ್ದು ಬಾಯಿಗೆ, ಕೈಯಲ್ಲಿರುವ ನಾಳ ಯಾಕೆ ಉಬ್ಬಬೇಕು ಎಂದು. ಅವನು ಎರಡು ಟೀ ಲೋಟಗಳನ್ನು ಅಕ್ಕಪಕ್ಕ ಇಟ್ಟು ವಿವರಿಸಿದ. ಎದೆಯೊಳಗೆ ಗಾಳಿ ಒತ್ತಿ ತುಂಬಿಸಿದರೆ ಅಲ್ಲಿ ಇಕ್ಕಟ್ಟಾಗುತ್ತದೆ. ಕೈಯಿಂದ ಹೃದಯಕ್ಕೆ ಮರಳುವ ರಕ್ತಕ್ಕೆ ದಾರಿ ಸಲೀಸಾಗಿ ಸಿಗುವುದಿಲ್ಲ. ಸಿನಿಮಾ ಬಿಟ್ಟಾಗ ಗೇಟಿನಲ್ಲಿ ನೂಕುನುಗ್ಗಲಾದರೆ ಹಿಂದಿನವರೆಲ್ಲ ಒತ್ತಿಕೊಂಡು ನಿಲ್ಲುವುದಿಲ್ಲವೇ, ಹಾಗೆ.

"ಅದಕ್ಕೇ ನಾಳ ಅಗಲ ಆಗುತ್ತೆ... ಒಳಗಿನ ರಕ್ತ ನಿಧಾನ ಆಗುತ್ತೆ," ಎಂದಳು ಅವಳು.

ಅವನು ಅವಳನ್ನೇ ನೋಡಿದ. ಹೇಳಿದ ಅರ್ಧಕ್ಕೇ ಉಳಿದರ್ಧವನ್ನು ಹಿಡಿದುಬಿಡುವವರು ಅವನ ಜೀವನದಲ್ಲಿ ಹೆಚ್ಚು ಜನ ಇರಲಿಲ್ಲ.

ಅಲ್ಲಿಂದ ಅದು ಅವರಿಬ್ಬರ ಉಪಾಯವಾಯಿತು. ನಾಳ ಸಿಗದ ರೋಗಿ ಬಂದರೆ ಅವಳು ಅವನನ್ನು ಕರೆಸುವಳು. ಡಾಕ್ಟರ ಅನುಮತಿ ಪಡೆದು ಅವನು ಎರಡು ನಿಮಿಷದ ಮಟ್ಟಿಗೆ ಒತ್ತಡವನ್ನು ತುಸು ಏರಿಸುವನು. ಎಷ್ಟಿತ್ತು, ಎಷ್ಟು ಮಾಡಿದೆ ಎಂದು ಜೋರಾಗಿ ಹೇಳುವನು. ಅವಳು ಅಳೆದು, ಬರೆದುಕೊಂಡು, ಸೂಜಿ ಇಳಿಸುವಳು.

ಪ್ರೀತಿ ಯಾವಾಗ ಶುರುವಾಯಿತೆಂದು ಅವಳಿಗೆ ಗೊತ್ತಿಲ್ಲ. ಒಂದು ದಿನ ಅವನು ರಜೆಯಲ್ಲಿದ್ದ. ವಾರ್ಡಿನ ಯಂತ್ರಗಳೆಲ್ಲ ಎಂದಿನಂತೆಯೇ ಉಸಿರಾಡುತ್ತಿದ್ದರೂ ಇಡೀ ಕೋಣೆ ಬಿಕೋ ಎಂದಾಗ ಮಾತ್ರ ಅವಳಿಗೆ ಹೊಳೆಯಿತು. 'ಅಯ್ಯೋ... ಮುಗೀತು ನನ್ನ ಕತೆ' ಎಂದುಕೊಂಡಳು ಮನಸ್ಸಿನಲ್ಲೇ.

ಅವನಿಗೆ ಇದ್ದವಳು ಅಕ್ಕ ಒಬ್ಬಳೇ.

ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ತೀರಿಕೊಂಡರು. ಅಕ್ಕನಿಗೆ ಆಗ ಇಪ್ಪತ್ತು. ಓದು ಬಿಟ್ಟು, ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ತಮ್ಮನನ್ನು ಸಾಕಿದಳು. ಮದುವೆಯ ಮಾತೆತ್ತಿದವರಿಗೆಲ್ಲ, ಮೊದಲು ಇವನ ಅಳತೆ ಸರಿಹೋಗಲಿ ಎಂದು ಹೇಳಿ ಕಳಿಸುತ್ತಿದ್ದಳಂತೆ.

ಅವನು ಸಿಸ್ಟರನ್ನು ಮನೆಗೆ ಕರೆದುಕೊಂಡು ಹೋದ ದಿನ ಅಕ್ಕ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದಳು. ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, ನಿನ್ನ ಬಲ ಭುಜ ಅರ್ಧ ಇಂಚು ಕೆಳಗಿದೆ, ಭಾರದ ಬ್ಯಾಗನ್ನು ಯಾವಾಗಲೂ ಒಂದೇ ಕಡೆ ಹಾಕುತ್ತೀಯಾ ತಾನೆ ಎಂದು ಗದರಿದಳು. ಆಮೇಲೆ ಎರಡು ಗಂಟೆ ಹೊತ್ತು ಬಾಯಿಗೆ ಬಿಡುವೇ ಇರಲಿಲ್ಲ. ತಮ್ಮ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹೆದರಿ ಮಂಚದಡಿ ಅಡಗಿದ್ದು, ತಾನು ಯಾರದೋ ಮದುವೆಯ ಕೋಟಿಗೆ ಎರಡೂ ತೋಳು ಎಡದ್ದೇ ಹೊಲಿದದ್ದು... ನಗಿಸಿ ನಗಿಸಿ ಸುಸ್ತು ಮಾಡಿದಳು. ನಡುನಡುವೆ ಕೆಮ್ಮುತ್ತಿದ್ದಳು. ಬಟ್ಟೆಯ ಧೂಳು ಎನ್ನುತ್ತಿದ್ದಳು.

ಧೂಳಲ್ಲ ಅದು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬಂದಿತ್ತು. ಅದು ತಮ್ಮನಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಅವರಿಬ್ಬರ ಮದುವೆಗೆ ಮೂರು ತಿಂಗಳಿದೆ ಎನ್ನುವಾಗ ಅಕ್ಕನಿಗೆ ಜ್ವರ ಬಂತು. ಎರಡೇ ದಿನದಲ್ಲಿ ಉಸಿರು ಮೇಲುಸಿರಾಯಿತು. ಆಸ್ಪತ್ರೆಗೆ ತಂದು, ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ, ಒತ್ತಡದಿಂದ ಗಾಳಿ ಕೊಡಲು ಶುರು ಮಾಡಿದರು. ಮಾಸ್ಕಿನೊಳಗಿಂದ ಮಾತು ಹೊರಗೆ ಬರುವುದಿಲ್ಲವಲ್ಲ, ಮಾತಿನಮಲ್ಲಿ ಅಕ್ಕ ಒಂದು ಪುಸ್ತಕ, ಪೆನ್ಸಿಲ್ ತರಿಸಿಕೊಂಡಳು. ಬಾಯಿ ಮುಚ್ಚಿಸಿದರೇನಂತೆ ಎಂದು ಮೊದಲ ಪುಟದಲ್ಲೇ ಬರೆದಳು.

ಆರು ವಾರ ಔಷಧ ಕೊಡಬೇಕಿತ್ತು. ಅದಕ್ಕೆ ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ಉದ್ದನೆಯ ಕೊಳವೆ, ಆಸ್ಪತ್ರೆಯವರ ಮಾತಿನಲ್ಲಿ ಲೈನ್, ಹಾಕಬೇಕು. ಹಿಂದಿನ ದಿನ ಮಾಮೂಲಿ ಸೂಜಿಗೇ ನಾಲ್ಕು ಕಡೆ ಚುಚ್ಚಿ, ಎಂದೂ ಅಳದ ಅಕ್ಕ ಅತ್ತಿದ್ದಳು.

ನರದ ಸಿಸ್ಟರ್ ಬೆಳಿಗ್ಗೆ ಹತ್ತಕ್ಕೆ ಬಂದಳು. ಅವನು ಯಂತ್ರದ ಹತ್ತಿರ ನಿಂತಿದ್ದ. ಒತ್ತಡ ಎಷ್ಟಿದೆ ಎಂದು ಕೇಳಿದಳು. ಚಾರ್ಟ್ ತೋರಿಸಿ, ಹತ್ತು ಎಂದ. ಅವಳು ಎರಡೂ ತೋಳು ನೋಡಿದಳು. ಬಲತೋಳಿನ ನಾಳ ಚೆನ್ನಾಗಿ ಅಗಲವಾಗಿ ಕಂಡಿತು. ನಾಲ್ಕು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಒಳಗೆ ಹೋಗುವ ಕೊಳವೆ ನಾಳದ ಅರ್ಧ ಅಗಲಕ್ಕಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ರಕ್ತ ಹರಿಯಲು ಜಾಗವಿಲ್ಲದೆ ಹೆಪ್ಪುಗಟ್ಟುತ್ತದೆ. ಹತ್ತರ ಒತ್ತಡದಲ್ಲಿ ಇಷ್ಟು ಅಗಲವಿದ್ದರೆ, ಮುಂದೆ ಮಾಸ್ಕ್ ತೆಗೆದ ಮೇಲೆ ಕುಗ್ಗಿದರೂ ತೊಂದರೆಯಿಲ್ಲ ಎಂದು ಅಂದಾಜು ಮಾಡಿದಳು. ಎರಡು ಔಷಧ ಒಟ್ಟಿಗೆ ಹೋಗುವ, ತುಸು ದಪ್ಪನೆಯ ಕೊಳವೆಯನ್ನೇ ಆರಿಸಿದಳು.

ಒಂದೇ ಸಲಕ್ಕೆ ಲೈನ್ ಕೂತಿತು. ಅಕ್ಕ ಪುಸ್ತಕ ಎಳೆದುಕೊಂಡು ಬರೆದಳು: 'ಗೊತ್ತೇ ಆಗ್ಲಿಲ್ಲ ಕಣೇ. ಬಂಗಾರದ ಕೈ.'

ಓದಿದ ಸಿಸ್ಟರ್ ಕಣ್ಣು ತುಂಬಿತು. ಅವನು ಯಂತ್ರದ ಕಡೆ ತಿರುಗಿ ಏನೋ ಮಾಡುತ್ತಿದ್ದ. ಮುಖ ಕಾಣಿಸಲಿಲ್ಲ.

ವಾರದಲ್ಲಿ ಅಕ್ಕ ಚೇತರಿಸಿಕೊಂಡಳು. ಹಗಲು ಹೊತ್ತಿನಲ್ಲಿ ಮಾಸ್ಕ್ ತೆಗೆದು ಕೂರಿಸಿದರು. ಅಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಅಕ್ಕ ಒಂದೇ ಸಮನೆ ಆಡಿದಳು.

ಒಂಬತ್ತನೇ ದಿನ ಬಲಗೈ ಭಾರ ಎಂದಳು. ಸಂಜೆಯ ಹೊತ್ತಿಗೆ ಬೆರಳಿನಿಂದ ಭುಜದವರೆಗೆ ಬಾತುಕೊಂಡು ಮಿರಮಿರ ಮಿಂಚುತ್ತಿತ್ತು. ಸ್ಕ್ಯಾನ್ ಮಾಡಿದರೆ ನಾಳದ ತುಂಬ ಹೆಪ್ಪು. ಮಾಸ್ಕ್ ಇಲ್ಲದೆ ನಾಳ ಮೂರು ಮಿಲಿಮೀಟರೂ ಇರಲಿಲ್ಲ. ಒಳಗಿದ್ದ ಕೊಳವೆ ಅದನ್ನು ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡು ಕೂತಿತ್ತು.

ಲೈನ್ ತೆಗೆದರು. ರಕ್ತ ತೆಳುವಾಗಿಸುವ ಚುಚ್ಚುಮದ್ದು ಶುರು ಮಾಡಿದರು. ಅಷ್ಟರಲ್ಲಿ ಶ್ವಾಸಕೋಶದ ಸೋಂಕು ಮತ್ತೆ ಕೆರಳಿತು. ಮಾಸ್ಕ್ ಮತ್ತೆ ಮುಖ ಏರಿತು. ಈ ಸಲ ಒಂದು ನಿಮಿಷ ಕೂಡ ತೆಗೆಯುವ ಹಾಗಿರಲಿಲ್ಲ.

ಮಾತಿಲ್ಲ. ಬರೆಯಲು ಕೈಯೂ ಇಲ್ಲ.

ಊದಿದ ಬೆರಳುಗಳ ನಡುವೆ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಜೀವಮಾನವಿಡೀ ಕತ್ತರಿ ಹಿಡಿದ ಕೈ, ಊರಿಗೆಲ್ಲ ಅಳತೆ ತೆಗೆದ ಕೈ, ದಿಂಬಿನ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಅಕ್ಕ ಕಣ್ಣಲ್ಲೇ ಏನೋ ಹೇಳಲು ಹೆಣಗುತ್ತಿದ್ದಳು. ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಹದಿನೇಳನೇ ದಿನ ಮಧ್ಯಾಹ್ನ ಅಕ್ಕ ಹೋಗಿಬಿಟ್ಟಳು.

ಆಗ ನರದ ಸಿಸ್ಟರ್ ಅಲ್ಲಿರಲಿಲ್ಲ. ಹೆಪ್ಪಿನ ವಿಚಾರಣೆ ಮುಗಿಯುವವರೆಗೆ ಆ ಮಂಚದ ಹತ್ತಿರ ಸುಳಿಯಬಾರದೆಂದು ಆಡಳಿತದವರು ಹೇಳಿದ್ದರು. ಎರಡು ಮಹಡಿ ಕೆಳಗೆ ಯಾರದೋ ರಕ್ತದ ಮಾದರಿ ತೆಗೆಯುತ್ತಿದ್ದಾಗ ಸುದ್ದಿ ಬಂತು. ಓಡಿ ಮೇಲೆ ಹೋದಳು. ಬಾಗಿಲಲ್ಲಿ ಅವನು ನಿಂತಿದ್ದ. ಅವಳನ್ನು ನೋಡಿದ... ನೋಡಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಅವಳು ಹೊಸ್ತಿಲ ಈಚೆಗೇ ನಿಂತಳು.

ಅಕ್ಕ ಹೋದದ್ದು ಶ್ವಾಸಕೋಶದ ಕಾಯಿಲೆಯಿಂದ, ಹೆಪ್ಪಿನಿಂದಲ್ಲ ಎಂದು ಹಿರಿಯ ಡಾಕ್ಟರಮ್ಮ ಸ್ಪಷ್ಟವಾಗಿ ಬರೆದರು. ಆದರೂ ಹೆಪ್ಪು ಹೇಗಾಯಿತೆಂಬ ಪರಿಶೀಲನಾ ಸಭೆ ನಡೆಯಿತು. ಒತ್ತಡ ಹತ್ತೇ ಇದ್ದಿದ್ದರೆ ನಾಳ ಅಷ್ಟು ಅಗಲ ಕಾಣಲು ಸಾಧ್ಯವಿಲ್ಲ ಎಂದರು ಒಬ್ಬರು. ಯಂತ್ರ ನೋಡಿಕೊಳ್ಳುತ್ತಿದ್ದ ಅವನನ್ನು ಕೇಳಿದರು, ಲೈನ್ ಹಾಕುವಾಗ ಒತ್ತಡ ಎಷ್ಟಿತ್ತು ಎಂದು.

"ಚಾರ್ಟ್‌ನಲ್ಲಿ ಇರೋದೇ," ಎಂದ ಅವನು. ಮೇಜಿನ ಮೇಲೆ ನೆಟ್ಟ ಕಣ್ಣು ಎತ್ತಲಿಲ್ಲ.

ಹಾಗಾದರೆ ಅಳತೆ ತಪ್ಪಿದ್ದು ಸಿಸ್ಟರ್‌ದೇ ಎಂದು ತೀರ್ಮಾನವಾಯಿತು. ಅವಳ ಕಡತದಲ್ಲಿ ಒಂದು ಸಾಲು ಬಿತ್ತು. ಲೈನ್ ಹಾಕುವ ಕೆಲಸದಿಂದ ತೆಗೆದು ಹೊರರೋಗಿಗಳ ರಕ್ತ ತೆಗೆಯುವ ಕೋಣೆಗೆ ಹಾಕಿದರು.

ಅವನು ಮರುವಾರವೇ ಕೆಲಸ ಬಿಟ್ಟ. ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ. ಒಂದೇ ಒಂದು ಸಂದೇಶ ಬಂತು. 'ನಿನ್ನ ಮುಖ ನೋಡೋಕೆ ಆಗ್ತಿಲ್ಲ. ನನ್ನ ಹುಡುಕಬೇಡ.'

ಅವಳು ಅದನ್ನು ನೂರು ಸಲ ಓದಿದಳು. ನೂರು ಸಲವೂ ಒಂದೇ ಅರ್ಥ ಕಂಡಿತು. ನನ್ನಕ್ಕನ ಕೈಯನ್ನು, ಕೊನೆಯ ಮಾತನ್ನು ಕಿತ್ತುಕೊಂಡವಳು ನೀನು. ನಿನ್ನ ಮುಖ ಕಂಡರೆ ಹೇಸಿಗೆ.

ಅವಳಿಗೆ ಅದನ್ನು ಅಲ್ಲಗಳೆಯಲು ಧೈರ್ಯವೂ ಇರಲಿಲ್ಲ. 'ಒಂದು ಮಾತು ಕೇಳಲಿಲ್ಲವಲ್ಲ ನಾನು... ಯಾವ ಕೈಯಲ್ಲಿ ಬರೀತೀಯಕ್ಕ ಅಂತ ಕೇಳಿದ್ದರೆ ಎಡಗೈಗೆ ಹಾಕುತ್ತಿದ್ದೆನಲ್ಲ. ಅಗಲವಾದ ನಾಳ ಕಂಡಿದ್ದೇ ತಡ, ಕೈ ಯಾವುದು ಅಂತ ನೋಡಲೇ ಇಲ್ಲವಲ್ಲ.'

ಮದುವೆ ನಿಂತುಹೋಯಿತು. ಅವಳ ಅಮ್ಮ ಮೊದಮೊದಲು ಸಮಾಧಾನ ಮಾಡಿದರು. ಆಮೇಲೆ, ಮುಖ ಕೊಟ್ಟು ಮಾತಾಡದೆ ಓಡಿಹೋದವನಿಗಾಗಿ ಎಷ್ಟು ದಿನ ಅಳುತ್ತೀಯ ಎಂದು ರೇಗಿದರು. ಕೊನೆಗೆ ಅವರೂ ಸುಮ್ಮನಾದರು. ಊಟದ ತಟ್ಟೆ ಇಟ್ಟು ಪಕ್ಕದಲ್ಲಿ ಕೂರುವುದು, ಮಗಳು ಅರ್ಧಕ್ಕೇ ಎದ್ದರೆ ಮಾತಿಲ್ಲದೆ ತಟ್ಟೆ ಎತ್ತುವುದು, ಅಷ್ಟೇ.

ಅವನಿಲ್ಲದ್ದಕ್ಕಿಂತ ಕ್ರೂರವಾದದ್ದು ಇನ್ನೊಂದಿತ್ತು. ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ಎಳೆ ಹುಡುಗಿಯ ಕೈಯಲ್ಲಿ ಎದ್ದು ಕಾಣುವ ನಾಳಕ್ಕೆ ಸೂಜಿ ಇಡುವಾಗಲೂ ಬೆರಳು ನಡುಗುತ್ತಿತ್ತು. ನಾಲ್ಕೂ ಚಿಲ್ಲರೆ ಮಿಲಿಮೀಟರ್. ಕಣ್ಣಾರೆ ಕಂಡಿದ್ದು ಸುಳ್ಳೇ?

ಒಂದು ವರ್ಷ ಹೀಗೇ ಕಳೆದ ಮೇಲೆ ಅವಳು ಡಾಕ್ಟರಮ್ಮನ ಕೋಣೆಯ ಬಾಗಿಲು ತಟ್ಟಿದಳು. ಆರೋಗ್ಯವಂತರನ್ನು ಮಲಗಿಸಿ, ಮಾಸ್ಕ್ ಹಾಕಿ, ಒತ್ತಡ ಸೊನ್ನೆ, ಐದು, ಹತ್ತು ಇದ್ದಾಗ ತೋಳಿನ ನಾಳ ಎಷ್ಟು ಅಗಲವಾಗುತ್ತದೆ, ರಕ್ತ ಎಷ್ಟು ನಿಧಾನವಾಗುತ್ತದೆ ಎಂದು ಅಳೆಯಬೇಕು, ನಿಮ್ಮ ಕೈಕೆಳಗೆ ಅವಕಾಶ ಕೊಡಿ ಎಂದು ಕೇಳಿದಳು. ತನ್ನನ್ನು ನಿರ್ದೋಷಿ ಎಂದು ತೋರಿಸಲು ಅಲ್ಲ, ಇನ್ನೊಬ್ಬರಿಗೆ ಹೀಗಾಗಬಾರದು ಎಂದಳು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಎರಡಕ್ಕೂ ಅಂದುಕೋ, ತಪ್ಪೇನಿಲ್ಲ ಎಂದರು.

ನಲವತ್ತು ಜನ ಬೇಕಿತ್ತು. ಆಸ್ಪತ್ರೆಯ ಬಾಗಿಲಿಗೆ ಚೀಟಿ ಅಂಟಿಸಿದರು. ಡ್ರೈವರುಗಳು, ವಿದ್ಯಾರ್ಥಿಗಳು, ರೋಗಿಗಳ ಕಡೆಯವರು ಒಬ್ಬೊಬ್ಬರಾಗಿ ಬಂದರು. ಮಾಸ್ಕ್ ಹಾಕುತ್ತಿದ್ದವರು ಇನ್ನೊಬ್ಬ ತಂತ್ರಜ್ಞೆ. ಹೆಚ್ಚಿನವರಲ್ಲಿ ಒತ್ತಡ ಏರಿದಂತೆ ನಾಳ ಅಗಲವಾಗುತ್ತಿತ್ತು, ಹರಿವು ಮಂದವಾಗುತ್ತಿತ್ತು. ಕೆಲವರಲ್ಲಿ ಬಹಳ, ಕೆಲವರಲ್ಲಿ ಅಷ್ಟಕ್ಕಷ್ಟೆ.

ಇಪ್ಪತ್ತೇಳನೆಯವರ ಪರದೆ ಸರಿಸಿದಾಗ ಅವಳ ಕೈ ಹಾಗೇ ನಿಂತಿತು.

ಅವನು ಮಲಗಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮಾಸ್ಕ್ ಆಗಲೇ ಮುಖದ ಮೇಲಿತ್ತು. ಕಣ್ಣು ಅವಳ ಮೇಲಿತ್ತು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

'ಎದ್ದು ಹೋಗಿ ಅಂತ ಹೇಳು... ಹೇಳೇ,' ಎಂದಿತು ಮನಸ್ಸು. ತಂತ್ರಜ್ಞೆ ಕಾಯುತ್ತಿದ್ದಳು. ಅವಳು ಕುರ್ಚಿ ಎಳೆದು ಕೂತಳು. ಹದಿನಾಲ್ಕು ತಿಂಗಳ ಮೇಲೆ ಅವನ ಕೈ ಹಿಡಿದಳು. ಜೆಲ್ ಹಚ್ಚಿ, ಪ್ರೋಬ್ ಇಟ್ಟಳು.

ಸೊನ್ನೆ. ಅಳೆದಳು. ಐದು. ಅಳೆದಳು. ಹತ್ತು. ಪರದೆಯ ಮೇಲಿನ ವೃತ್ತ ದೊಡ್ಡದಾಯಿತು. ಅವಳ ಕಣ್ಣಲ್ಲಿ ನೀರು ತುಂಬಿ ಅಂಕಿ ಕಾಣಿಸದೆ, ಎರಡು ಸಲ ಓದಿ ಬರೆದುಕೊಂಡಳು.

"ಆಯ್ತು," ಎಂದಳು ಯಾರಿಗೂ ಅಲ್ಲ ಎಂಬಂತೆ.

ಅವನು ಎದ್ದು ಕೂತು ತಾನೇ ಮಾಸ್ಕ್ ಕಳಚಿದ. ಪಟ್ಟಿಯ ಗುರುತು ಕೆನ್ನೆಯ ಮೇಲೆ ಕೆಂಪಗೆ ಮೂಡಿತ್ತು.

"ಹದಿನಾಲ್ಕಕ್ಕೂ ಅಳೀಬೇಕಿತ್ತು."

"ಹತ್ತಕ್ಕೆ ನಿಲ್ಲಿಸ್ತೀವಿ. ಹದಿನಾಲ್ಕು ಯಾಕೆ?"

"ಅಕ್ಕಂದು ಆವತ್ತು ಹದಿನಾಲ್ಕಿತ್ತು."

ತಂತ್ರಜ್ಞೆ ಸದ್ದಿಲ್ಲದೆ ಹೊರಗೆ ಹೋದಳು.

ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಹಿಂದಿನ ದಿನ ನಾಲ್ಕು ಸಲ ಚುಚ್ಚಿಸಿಕೊಂಡು ಅಕ್ಕ ಅತ್ತದ್ದನ್ನು ಅವನಿಂದ ನೋಡಲಾಗಿರಲಿಲ್ಲ. ಇನ್ನೊಮ್ಮೆ ಅವಳಿಗೆ ನೋವಾಗಬಾರದು, ಮೊದಲ ಸಲಕ್ಕೇ ಸಿಗಬೇಕು ಎಂದು, ಸಿಸ್ಟರ್ ಬರುವ ಐದು ನಿಮಿಷ ಮೊದಲು ಯಾರನ್ನೂ ಕೇಳದೆ ಒತ್ತಡವನ್ನು ಹತ್ತರಿಂದ ಹದಿನಾಲ್ಕಕ್ಕೆ ಏರಿಸಿದ್ದ. ಡಾಕ್ಟರಿಗೆ ಹೇಳದೆ ಮಾಡಿದ್ದರಿಂದ ಸಿಸ್ಟರಿಗೂ ಹೇಳಲಿಲ್ಲ. ಲೈನ್ ಕೂತ ಕೂಡಲೇ ಹತ್ತಕ್ಕೆ ಇಳಿಸಿದ. ಚಾರ್ಟಿನಲ್ಲಿ ಬರೆಯಲಿಲ್ಲ. ಕೈ ಊದಿದ ದಿನವೇ ಅವನಿಗೆ ಅರ್ಥವಾಗಿತ್ತು, ಎಲ್ಲಿ ಲೆಕ್ಕ ತಪ್ಪಿತೆಂದು.

"ಸಭೆಯಲ್ಲಿ ಹೇಳ್ಬೇಕು ಅಂತ್ಲೇ ಬಂದಿದ್ದೆ. ಬಾಯಿ ತೆಗೆದ್ರೆ, ಅಕ್ಕನ ಮಾತು ನಾನೇ ಕಿತ್ತುಕೊಂಡೆ ಅಂತ ನನ್ನ ಕಿವಿಗೆ ನಾನೇ ಹೇಳಿಕೊಳ್ಳಬೇಕಿತ್ತು. ಆಗ್ಲಿಲ್ಲ. ನಿನ್ನ ಮೇಲೆ ಬಿಟ್ಟೆ. ಆಮೇಲೆ ಯಾವ ಮುಖ ಇಟ್ಕೊಂಡು ನಿನ್ನ ಮುಖ ನೋಡ್ಲಿ..."

ಅವಳಿಗೆ ಆಗ ತಿಳಿಯಿತು, ಆ ಸಂದೇಶಕ್ಕೆ ಇನ್ನೊಂದು ಅರ್ಥವಿತ್ತೆಂದು.

ಆದರೆ ತಿಳಿದ ಮಾತ್ರಕ್ಕೆ ಎದೆ ತಣ್ಣಗಾಗಲಿಲ್ಲ. ಎದ್ದ ಮೊದಲ ಉರಿ ಸಿಟ್ಟಿನದು.

"ನನ್ನ ಕೈನ ನಾನೇ ನಂಬದ ಹಾಗೆ ಮಾಡಿದ್ರಿ," ಎಂದಳು. ದನಿ ಏರಲಿಲ್ಲ. "ಹದಿನಾಲ್ಕು ತಿಂಗಳು. ಕನ್ನಡಿ ಮುಂದೆ ನಿಂತ್ರೆ ಅಕ್ಕನ ಕೊಂದವಳು ಅಂತ ಕಾಣ್ತಿತ್ತು ನಂಗೆ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು. ಜೊತೆಗೇ ಅಳ್ತಿದ್ದೆ."

ಅವನು ತಲೆ ತಗ್ಗಿಸಿದ.

ಅವಳು ಟಿಶ್ಯೂ ತೆಗೆದು, ಬೇರೆ ಇಪ್ಪತ್ತಾರು ಜನರಿಗೆ ಮಾಡಿದಂತೆಯೇ ಅವನ ತೋಳಿನ ಜೆಲ್ ಒರೆಸಿದಳು. ಮುಂದಿನವರು ಕಾಯುತ್ತಿದ್ದಾರೆ, ಏಳಿ ಎಂದಳು.

ಅವನು ಹೋದ ಮೇಲೆ ಸಾಮಾನಿನ ಕೋಣೆಗೆ ಹೋಗಿ, ಹತ್ತಿಯ ಡಬ್ಬಗಳ ನಡುವೆ ಕೂತು, ತನ್ನ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಕಣ್ಣು ಸುಳ್ಳು ಹೇಳಿರಲಿಲ್ಲ. ಕೈ ತಪ್ಪಿರಲಿಲ್ಲ. ಅಷ್ಟು ಗೊತ್ತಾದ ಸಮಾಧಾನವೂ ಅಳುವಾಗಿಯೇ ಬಂತು.

ಎರಡು ದಿನ ಬಿಟ್ಟು ಡಾಕ್ಟರಮ್ಮ ಕರೆಸಿದರು. ಅವನು ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟು ಹೋಗಿದ್ದನಂತೆ. ಯಾರೂ ಕೇಳದೆ, ತಾನಾಗಿ. ಯಾವ ಆಸ್ಪತ್ರೆಯಲ್ಲೂ ಆರು ತಿಂಗಳು ಉಸಿರಾಟದ ಯಂತ್ರ ಮುಟ್ಟಬಾರದೆಂದು ಅವನಿಗೆ ಆದೇಶವಾಗುತ್ತದೆ ಎಂದರು. ಅವಳ ಕಡತದ ಆ ಸಾಲನ್ನು ಹೊಡೆದುಹಾಕಿದ್ದನ್ನು ತೋರಿಸಿ, ಸೋಮವಾರದಿಂದ ವಾರ್ಡಿಗೆ ವಾಪಸ್ ಬಾ ಎಂದರು.

ಸೋಮವಾರ ಅವಳು ಒಬ್ಬ ಹೆಂಗಸಿಗೆ ಲೈನ್ ಹಾಕಿದಳು. ಮೊದಲು ಕೇಳಿದ್ದು, ಅಮ್ಮಾ, ಯಾವ ಕೈಯಲ್ಲಿ ಬರೀತೀರಿ ಎಂದು. ಮಾಸ್ಕಿನ ಒತ್ತಡವನ್ನು ತನ್ನ ಕಣ್ಣಲ್ಲೇ ನೋಡಿದಳು. ಡಾಕ್ಟರ ಒಪ್ಪಿಗೆಯಿಂದ ಒಂದು ನಿಮಿಷ ಅದನ್ನು ಇಳಿಸಿ ಮತ್ತೊಮ್ಮೆ ಅಳೆದಳು. ಸಣ್ಣ ಕೊಳವೆ ಆರಿಸಿದಳು. ಬೆರಳು ನಡುಗಲಿಲ್ಲ.

ಆದರೆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ, ಅವನ ಬೀದಿಯ ತಿರುವಿನಲ್ಲಿ ಕಾಲು ತಡೆಯಿತು.

ಸಿಟ್ಟಿತ್ತು. ಬೆಟ್ಟದಷ್ಟಿತ್ತು. ಅದನ್ನು ಹೊತ್ತುಕೊಂಡೇ ಮೂರು ವಾರ ಓಡಾಡಿದಳು. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಬಡಿಸಿದ ಊಟ ಬಿಟ್ಟು ಎದ್ದು, ಈಗ ಬರುತ್ತೇನೆ ಎಂದು ಹೇಳಿ ಹೊರಟಳು.

ಅವನು ಅದೇ ಮನೆಯಲ್ಲಿದ್ದ. ಈಗ ಮನೆಮನೆಗೆ ಆಮ್ಲಜನಕದ ಸಿಲಿಂಡರ್ ತಲುಪಿಸುವ ಕೆಲಸ. ಬಾಗಿಲು ತೆರೆದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಊಟ ಮಾಡಿಲ್ಲ ನಾನು," ಎಂದಳು ಅವಳು.

ಅವನು ಅವಸರದಲ್ಲಿ ಅನ್ನ ಬಿಸಿ ಮಾಡಿದ. ಮೊಟ್ಟೆ ಹುರಿದ, ಅದೂ ಸೀದುಹೋಯಿತು. ಅವಳು ಅದನ್ನೇ ತಿಂದಳು. ತಟ್ಟೆ ಖಾಲಿಯಾದ ಮೇಲೆ, ಆವತ್ತು ನಾನು ಇರಲಿಲ್ಲ, ಕೊನೆಯ ಗಂಟೆ ಹೇಗಿತ್ತು ಹೇಳಿ ಎಂದಳು.

ಯಾರಿಗೂ ಹೇಳದಿದ್ದುದನ್ನು ಅವನು ಹೇಳಿದ. ಅಕ್ಕ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆಯಲು ನೋಡಿದ್ದಳು. ಒಳಗಿನಿಂದ ಆ ಹಾಳೆ ತಂದು ಕೊಟ್ಟ. ಸೊಟ್ಟ ಸೊಟ್ಟ ಗೀಟುಗಳು. ಎರಡೇ ಅಕ್ಷರ.

"ನಾನು 'ನೀರು' ಅಂತ ಓದ್ದೆ. ಚಮಚದಲ್ಲಿ ನೀರು ತಂದೆ. ಬೇಡ ಅಂತ ತಲೆ ಆಡಿಸಿದ್ಲು. ಕಣ್ಣಲ್ಲಿ ನೀರು ಬಂತು ಅವಳಿಗೆ. ಆಮೇಲೆ ಅನ್ನಿಸ್ತು... ಅದು 'ನೀನು' ಅಂತ ಇರಬಹುದಾ? ನೀನು ಅಂತ ಶುರು ಮಾಡಿ ಮುಂದೇನು ಬರೀಬೇಕು ಅಂತಿದ್ಲೋ... ನೀನು ಚೆನ್ನಾಗಿರು ಅಂತಲೋ, ನೀನು ಹೀಗೆ ಮಾಡಿಬಿಟ್ಯಲ್ಲ ಅಂತಲೋ."

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಅವಳಿಗೂ ಓದಲಾಗಲಿಲ್ಲ. ಸುಳ್ಳಾದರೂ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನನಗೂ ಗೊತ್ತಾಗುತ್ತಿಲ್ಲ ಎಂದಳು. ಅಷ್ಟಕ್ಕೇ ಅವನು ಕುಸಿದು ಕೂತ. ಅಕ್ಕ ಹೋದ ದಿನ ಅಳದವನು ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು. ಇಬ್ಬರೂ ಒಂದು ವರ್ಷದ ಹಿಂದೆಯೇ ಒಟ್ಟಿಗೆ ಅಳಬೇಕಿದ್ದ ಅಳು ಅದು.

ಅಳು ಇಳಿದ ಮೇಲೆ ಅವನು ಹೇಳಿದ, ಕ್ಷಮಿಸು ಅಂತ ಕೇಳೋಕೆ ನನಗೆ ಬಾಯಿಲ್ಲ.

"ಕೇಳಬೇಡಿ. ಕ್ಷಮಿಸೋಕೆ ನನ್ನ ಕೈಲಿ ಇನ್ನೂ ಆಗ್ತಿಲ್ಲ," ಎಂದಳು ಅವಳು. "ಪ್ರೀತಿ ಬಿಡೋಕೂ ಆಗ್ಲಿಲ್ಲ. ಎರಡನ್ನೂ ಇಟ್ಕೊಂಡೇ ಬಂದಿದ್ದೀನಿ."

ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ನಾನೂ ಒಂದು ದಿನ ಕೂಡ ಬಿಟ್ಟಿರಲಿಲ್ಲ ಎಂದ. ಅವನ ದನಿ ಎಷ್ಟು ಕೆಳಗಿತ್ತೆಂದರೆ ಅವಳು ಬಗ್ಗಿ ಕೇಳಬೇಕಾಯಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಅಮ್ಮ ದಾರಿ ಕಾಯುತ್ತಿರುತ್ತಾರೆ ಎಂದು ಅವಳು ಎದ್ದಳು. ಅವನೂ ಎದ್ದು, ಗಾಡಿಯ ಕೀಲಿಗೆ ಕೈ ಹಾಕಿ, ಕೇಳಲೋ ಬೇಡವೋ ಎಂದು ಅಳುಕುತ್ತ ಕೇಳಿದ.

"ಮನೆ ತನಕ ಬಿಟ್ಟು ಬರ್ಲಾ?"

"ಒಂದ್ಸಲ ಬಿಟ್ಟಿದ್ದು ಸಾಕು. ಜೊತೆಗೆ ಬನ್ನಿ. ಅಮ್ಮನಿಗೆ ಎಲ್ಲಾ ನೀವೇ ಹೇಳ್ಬೇಕು."

"ತುಂಬಾ ಬೈತಾರೆ."

"ಬೈಸ್ಕೊಳ್ಳಿ. ನಾನು ಪಕ್ಕದಲ್ಲೇ ಕೂತಿರ್ತೀನಿ."